ಕೈ ಬಾಯಿಗೆ ಹೋಗುವಷ್ಟರಲ್ಲಿ

ಮದುವೆ ಆಲ್ಬಮ್ಮಿನಲ್ಲಿ ತನ್ನ ತಾಯಿಗೆ ಬಾಯಿ ತುಂಬ ಹಲ್ಲಿರುವುದನ್ನು ಕಂಡು ತಬಸ್ಸುಮಳಿಗೆ ಹೇಸಿಗೆಯಾಯಿತು.

ಆಲ್ಬಮ್ಮು ಅವಳ ಚಿಕ್ಕಪ್ಪನ ಮಗಳು ಮೆಹ್ರೀನಳ ನಿಕಾಹದ್ದು. ರಟ್ಟಿನಷ್ಟು ದಪ್ಪ ಹಾಳೆಗಳು, ಬೆರಳಿಟ್ಟರೆ ಜಾರುವ ಹೊಳಪು. ಮುಳಬಾಗಿಲಿನ ಆ ಬೀದಿಯಲ್ಲಿ ಅದನ್ನು ಬಾಣಂತಿ ಮನೆಯ ಕೂಸಿನಂತೆ ಎದೆಗವಚಿಕೊಂಡು ಮನೆಯಿಂದ ಮನೆಗೆ ಒಯ್ದು ತೋರಿಸುತ್ತಿದ್ದರು. ತಬಸ್ಸುಮಳ ಸರದಿ ಬಂದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಕೈ ತೊಳೆದು, ಹಾಳೆ ತಿರುವಿದಳು. ಒಬ್ಬರ ಮೈಬಣ್ಣವೂ ಅವರದಾಗಿರಲಿಲ್ಲ. ಎಲ್ಲರೂ ಮೈದಾ ಡಬ್ಬಿಯೊಳಗೆ ಮುಖವಿಟ್ಟು ಎದ್ದು ಬಂದವರ ಹಾಗಿದ್ದರು. ನಡುವಿನ ಹಾಳೆಯೊಂದರಲ್ಲಿ ಅವಳ ತಾಯಿ ಬಷೀರಾ. ಎಷ್ಟೋ ವರ್ಷದ ಹಿಂದೆ ನಲ್ಲಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದ ಬಷೀರಾ ಇಲ್ಲಿ ಟೂತ್‌ಪೇಸ್ಟ್ ಡಬ್ಬಿಯ ಮೇಲಿನ ಹೆಂಗಸಿನಂತೆ ನಗುತ್ತಿದ್ದಳು.

“ಅಮ್ಮೀ, ಇವು ಯಾರ ಹಲ್ಲು?”

“ಫೋಟೋದವನು ಕಂಪ್ಯೂಟರ್‌ನಲ್ಲಿ ಹಾಕಿದ್ದಾನಂತೆ. ಮಾಷಾಲ್ಲಾ, ಹೆಂಗೆ ಕಾಣ್ತೀನಿ ನೋಡು.”

“ಛೀ! ಯಾರದೋ ಹಲ್ಲು ನಿನ್ನ ಬಾಯಲ್ಲಿ.”

“ಯಾರದಾದ್ರೇನೇ, ನೆಟ್ಟಗಿವೆಯಲ್ಲ,” ಎಂದು ಬಷೀರಾ ನಕ್ಕಳು. ನಗುವಾಗ ರೂಢಿಯಂತೆ ಕೈ ಬಾಯಿಯ ಮೇಲೆ ಹೋಯಿತು.

ತಬಸ್ಸುಮ್ ಎಂದರೆ ಮುಗುಳ್ನಗೆ. ಹೆಸರಿಟ್ಟವರು ಆಸೆಯಿಂದಲೇ ಇಟ್ಟಿದ್ದರು. ಆದರೆ ಅವಳ ಮುಖದಲ್ಲಿ ಹೆಚ್ಚು ಹೊತ್ತು ಇರುತ್ತಿದ್ದುದು ‘ಛೀ’. ಹಾಲಿನ ಮೇಲಿನ ಕೆನೆ ಕಂಡರೆ ಛೀ, ಬೇರೆಯವರ ಲೋಟ ಕಂಡರೆ ಛೀ, ಬೆವರಿನ ವಾಸನೆಯ ಅಳತೆ ರವಿಕೆ ತಂದವರಿಗೆ “ಒಗೆದು ತಗೊಂಡು ಬನ್ನಿ” ಎಂದು ಮುಖಕ್ಕೆ ಹೊಡೆದಂತೆ ಹೇಳಿ ವಾಪಸು ಕಳಿಸುವಳು. ಆದರೂ ಗಿರಾಕಿಗಳು ಬರುತ್ತಿದ್ದರು. ಅವಳು ಹೊಲಿದ ತೋಳು ಎತ್ತಿದ ಕೈಗೂ ಇಳಿಸಿದ ಕೈಗೂ ಒಂದೇ ಸಮ ಕೂರುತ್ತಿತ್ತು. ಗಂಡ ಫಯಾಜ್ ಟೆಂಪೋದಲ್ಲಿ ಟೊಮೆಟೊ ಕ್ರೇಟು ಹೊತ್ತು ಕೋಲಾರದ ಮಂಡಿಗೆ ಹೋಗಿ ಬರುವವನು. ಹೆಂಡತಿಗೆ ಅಸಹ್ಯವಾಗದೆ ಉಳಿದಿರುವುದು ಏನೇನು ಎಂದು ಕೇಳಿದರೆ, “ನಾನು, ಅತ್ತೆ, ಮಿಶಿನ್ನು. ನನ್ನದು ಗ್ಯಾರಂಟಿ ಇಲ್ಲ,” ಎನ್ನುತ್ತಿದ್ದ.

ಅವನು ಹೇಳಿದ್ದರಲ್ಲಿ ಅತ್ತೆಯ ಮಾತು ಮಾತ್ರ ಪೂರ್ತಿ ನಿಜ. ಬಷೀರಾ ನಕ್ಕರೆ ಆ ಹಲ್ಲಿನ ಸಂದಿಯಿಂದ ಸಣ್ಣ ಶಿಳ್ಳೆಯೊಂದು ಹೊರಡುತ್ತಿತ್ತು. ಚಿಕ್ಕಂದಿನಿಂದ ತಬಸ್ಸುಮಳಿಗೆ ಮನೆ ಎಂದರೆ ಆ ಸದ್ದು. ಅದನ್ನೇ ಯಾವನೋ ಅಂಗಡಿಯಲ್ಲಿ ಕೂತು ಮುಚ್ಚಿಹಾಕಿದ್ದ. ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಮರುದಿನದಿಂದ ತಾಯಿಯ ನಿಜವಾದ ನಗುವನ್ನು ಹಿಡಿಯಬೇಕೆಂದು ಫೋನೆತ್ತಿಕೊಂಡಳು. ಫೋನು ಕಣ್ಣಿಗೆ ಬಿದ್ದ ಕೂಡಲೇ ಬಷೀರಾಳ ಕೈ ಬಾಯಿಗೆ ಹೋಗುತ್ತಿತ್ತು. ಕೈ ಹೋಗದಿದ್ದರೆ ಸೆರಗು ಹೋಗುತ್ತಿತ್ತು. ಉಳಿದವರದು ಇನ್ನೊಂದು ಬಗೆ: ಫೋನು ಕಂಡೊಡನೆ ಕತ್ತು ಓರೆಯಾಗಿ, ತುಟಿ ಮುಂದೆ ಬಂದು, ಮನುಷ್ಯರು ಹೋಗಿ ಗೊಂಬೆಗಳು ನಿಲ್ಲುತ್ತಿದ್ದವು. ಸಾಲದ್ದಕ್ಕೆ ಫೋನೇ ತಾನಾಗಿ ಎಲ್ಲರನ್ನೂ ಬೆಳ್ಳಗೆ ಮಾಡುತ್ತಿತ್ತು. ತಬಸ್ಸುಮ್ ಫೋನನ್ನು ಬಟ್ಟೆ ದಿಂಡುಗಳ ಮೇಲೆ ಬಿಸಾಕಿ ಬಿಟ್ಟುಬಿಟ್ಟಳು.

ಹೀಗಿರುವಾಗ ಮೇಘನ ಬಂದಳು. ದೇವರಾಯಸಮುದ್ರದ ಕಾಲೇಜು ಹುಡುಗಿ. ಲಂಗ ಬಿಗಿ ಮಾಡಿಸಿಕೊಳ್ಳಲು ಬಂದಿದ್ದಳು. ಮಣಿಕಟ್ಟಿನಲ್ಲಿ ಸೋಪಿನ ಡಬ್ಬಿಯಂಥ ಕಪ್ಪು ಪೆಟ್ಟಿಗೆ ತೂಗುತ್ತಿತ್ತು. ತಬಸ್ಸುಮ್ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮಡಿಕೆ ಹಿಡಿಯುತ್ತಿದ್ದಾಗ ‘ಟಿಕ್’ ಎಂದಿತು.

“ಏನದು? ತೋರ್ಸು.”

“ತೋರ್ಸೋಕಾಗಲ್ಲ ಅಕ್ಕ. ಇದು ರೀಲು ಹಾಕೋ ಹಳೇ ಕ್ಯಾಮೆರಾ. ಬೆಂಗಳೂರಿಗೆ ಕಳಿಸಿ ತೊಳಿಸ್ಬೇಕು.”

ಲಂಗ ಒಯ್ಯಲು ಬಂದ ದಿನ ಮೇಘನ ಪ್ರಿಂಟು ಕೊಟ್ಟಳು. ಚಿತ್ರದಲ್ಲಿ ತಬಸ್ಸುಮಳ ಕಣ್ಣು ಬಟ್ಟೆಯ ಮೇಲಿತ್ತು, ತುಟಿಯಿಂದ ಸೂಜಿಗಳು ಮೀನಿನ ಮುಳ್ಳಿನಂತೆ ಚಾಚಿದ್ದವು, ಮೂಗಿನ ಮೇಲೆ ಬೆವರಿತ್ತು. ಮುಖ ಯಾರಿಗಾಗಿಯೂ ಸಿದ್ಧವಾಗಿರಲಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ನೋಡಿದಳು. ಛೀ ಅನ್ನಲಿಲ್ಲ.

“ಇಂಥದ್ದು ಎಲ್ಲಿ ಸಿಗುತ್ತೆ?”

“ಕೋಲಾರದಲ್ಲೇ ಒಂದು ಅಂಗಡಿ ಇದೆ. ಆದ್ರೆ ನೋಡಿ ತಗೋಬೇಕು ಅಕ್ಕ. ಬೇಗ ಫೋಕಸ್ ಆಗ್ಬೇಕು. ಒಳ್ಳೇದಾದ್ರೆ ಬಟನ್ ಅರ್ಧ ಒತ್ತಿ ಹಿಡಿದಾಗಲೇ ದೂರ ಅಳ್ಕೊಂಡು ಕಾಯ್ತಿರುತ್ತೆ, ಪೂರ್ತಿ ಒತ್ತಿದ ತಕ್ಷಣ ಹೊಡೆದುಬಿಡುತ್ತೆ. ಜೂಮ್ ಇರೋದು ಬೇಡ. ಮೂತಿ ಹಿಂದೆ ಮುಂದೆ ಎಳೀತಾ ಕೂತಿರುತ್ತೆ.”

ಮುಂದಿನ ವಾರ ತಬಸ್ಸುಮ್ ಗಂಡನ ಟೆಂಪೋ ಹತ್ತಿದಳು. ಒಡೆದ ಟೊಮೆಟೊ ರಸದ ಹುಳಿ ವಾಸನೆಗೆ ದಾರಿಯುದ್ದಕ್ಕೂ ದುಪಟ್ಟಾ ಮೂಗಿಗೆ ಒತ್ತಿಕೊಂಡಿದ್ದಳು. ಫಯಾಜ್ ಅವಳನ್ನು ಇಳಿಸಿದ್ದು ಮೊಬೈಲ್ ಕವರು ಮಾರುವ ಅಂಗಡಿಯೊಂದರ ಮುಂದೆ. ಅಂಗಡಿಯವನ ಹೆಸರು ವೆಂಕಟ್. ಕಾಲೇಜು ಹುಡುಗರಿಗೆ ರೀಲು ಫೋಟೋದ ಹುಚ್ಚು ಹಿಡಿದಾಗಿನಿಂದ ಅವನು ಎಲ್ಲೆಲ್ಲಿಯದೋ ಗುಜರಿಯಿಂದ ಹಳೆ ಕ್ಯಾಮೆರಾ ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿದ್ದ. ಪೆಟ್ಟಿಗೆ ತೆರೆದರೆ ಇಲಿ ಸತ್ತ ಮೂಲೆಯ ನಾತ.

ಮೊದಲು ಕೈಗೆ ಬಂದದ್ದರ ಬ್ಯಾಟರಿ ಬಾಗಿಲು ತೆಗೆದಳು. ಒಳಗೆ ರೋಗದ ಕೋಳಿಯ ಕಣ್ಣಿನಂತೆ ಹಸಿರು ಪಿಚ್ಚು ಕಟ್ಟಿತ್ತು. ಎರಡನೆಯದರ ಲೆನ್ಸಿನೊಳಗೆ ಬೂಷ್ಟು ಕವಲೊಡೆದು ಬೆಳೆದಿತ್ತು.

“ಛೀ, ಏನಿದು ಗಲೀಜು!”

“ಆಂಟಿಕ್ ಮೇಡಂ. ಅದಕ್ಕೇ ಡಿಮ್ಯಾಂಡು,” ಎಂದು ವೆಂಕಟ್ ಈಗಷ್ಟೇ ಕತ್ತು ಒರೆಸಿಕೊಂಡಿದ್ದ ಕರ್ಚೀಫಿನಿಂದಲೇ ಲೆನ್ಸು ಉಜ್ಜಿ ಅವಳ ಕಡೆ ಚಾಚಿದ. ತಬಸ್ಸುಮ್ ಕೈ ಹಿಂದೆಳೆದುಕೊಂಡಳು. ಎದ್ದು ಹೋಗಬೇಕೆಂದುಕೊಂಡಳು. ತಾಯಿಯ ಬಾಯಲ್ಲಿದ್ದ ಆ ಪರಕೀಯ ಹಲ್ಲು ನೆನಪಾಗಿ ಮತ್ತೆ ಕೂತಳು.

ಆಮೇಲೆ ಚೊಕ್ಕಟವಾಗಿದ್ದವನ್ನಷ್ಟೇ ಬೇರೆ ತೆಗೆಸಿದಳು. ಬೆಳ್ಳಿ ಬಣ್ಣದ ದೊಡ್ಡದೊಂದನ್ನು ಎತ್ತಿ ವೆಂಕಟನ ಕಡೆ ಹಿಡಿದಳು. ಒಳಗೆ ರೀಲಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಅವನು ಹೊಟ್ಟೆ ಒಳಗೆಳೆದುಕೊಂಡು, ಕೂದಲು ತೀಡಿ, ಎಡಗಡೆ ಓರೆಯಾದ. ಅವಳಿಗೆ ನಗುವೂ ಹೇಸಿಗೆಯೂ ಒಟ್ಟಿಗೇ ಬಂದವು. ಜೊತೆಗೆ ಒಂದು ಉಪಾಯವೂ ಹೊಳೆಯಿತು. ಕ್ಯಾಮೆರಾ ಇಳಿಸಿ, ಮಾತಿಗೆಳೆದು, ಅವನ ಹೊಟ್ಟೆ ಸಡಿಲವಾದದ್ದನ್ನು ನೋಡಿ ಫಕ್ಕನೆ ಎತ್ತಿ ಒತ್ತಿದಳು. ಮೂತಿ ‘ಗುರ್‌ರ್’ ಎಂದು ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಅಷ್ಟರಲ್ಲಿ ಹೊಟ್ಟೆ ಒಳಗೆ ಹೋಗಿತ್ತು. ಅದನ್ನು ಪಕ್ಕಕ್ಕಿಟ್ಟಳು. ಪ್ಲಾಸ್ಟಿಕ್ಕಿನ ಹಗುರದ್ದೊಂದು ಒತ್ತಿದ ಕೂಡಲೇ ಹೊಡೆಯಿತು, ಆದರೆ ಅದಕ್ಕೆ ಫೋಕಸ್ಸೇ ಇಲ್ಲ, ಹತ್ತಿರದ ಮುಖವೆಲ್ಲ ಮಸುಕಾಗುತ್ತದೆ ಎಂದು ವೆಂಕಟನೇ ಒಪ್ಪಿಕೊಂಡ. ಕೊನೆಗೆ ಸಿಕ್ಕಿದ್ದು ಬಾಗಿಲು ಸರಿಸಿದರೆ ಕಣ್ಣು ಬಿಡುವ ಪುಟ್ಟ ಕಪ್ಪು ಕ್ಯಾಮೆರಾ. ಜೂಮ್ ಇಲ್ಲ. ಮೇಜಿನ ಮರೆಯಲ್ಲೇ ಅರ್ಧ ಒತ್ತಿ ಹಿಡಿದು ಮಾತಾಡುತ್ತ, ಎತ್ತಿ, ಪೂರ್ತಿ ಒತ್ತಿದಳು. ಮರೆಯಿಂದ ಅಳೆದದ್ದು ಮೇಜಿನ ಹಲಗೆಯ ದೂರವನ್ನು ಎಂದು ವೆಂಕಟ್ ತಿದ್ದಿದ. ಎತ್ತಿದ ಮೇಲೇ ಒಂದೇ ಸಲಕ್ಕೆ ಒತ್ತಿ ನೋಡಿದಳು. ಹಸಿರು ದೀಪ, ಟಿಕ್. ಹೊಟ್ಟೆ ಇನ್ನೂ ಹೊರಗೇ ಇತ್ತು.

“ಇದು ಕೊಡಿ,” ಎಂದಳು. ಚೌಕಾಸಿ ಮಾಡಿ, ಮನೆಗೆ ಬಂದು ಸ್ಪಿರಿಟ್ಟಿನಲ್ಲಿ ಅದನ್ನು ಮೂಲೆಮೂಲೆ ಒರೆಸಿದ ಮೇಲೆಯೇ ರೀಲು ಹಾಕಿದಳು.

ಅದರ ಫ್ಲ್ಯಾಶು ಹಟಮಾರಿ. ಪ್ರತಿ ಸಲ ಬಾಗಿಲು ತೆರೆದಾಗಲೂ ತಾನೇ ಎಚ್ಚರವಾಗುತ್ತಿತ್ತು. ಅದನ್ನು ಗುಂಡಿ ಒತ್ತಿ ಮಲಗಿಸುವುದು ಬೆರಳಿಗೆ ಅಭ್ಯಾಸವಾಗಲು ಕೆಲವು ದಿನ ಬೇಕಾಯಿತು. ಆಮೇಲೆ ಕ್ಯಾಮೆರಾ ಹೊಲಿಗೆ ಯಂತ್ರದ ಪಕ್ಕ ಕತ್ತರಿ, ಚಾಕ್‌ಪೀಸುಗಳ ನಡುವೆ ಬಿದ್ದಿರತೊಡಗಿತು. ಅದು ಅಲ್ಲಿರುವುದೇ ಎಲ್ಲರಿಗೂ ಮರೆತುಹೋಯಿತು. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಬಷೀರಾ ಬೆಕ್ಕಿಗೆ ಬಯ್ಯುವಾಗ ಟಿಕ್. ಫಯಾಜ್ ಅನ್ನ ಕಲಸುವಾಗ ಟಿಕ್. ಒಂದು ದಿನ ಬೈರಕೂರಿನಿಂದ ಮುನಿಯಲ್ಲಮ್ಮ ಬಂದಳು. ಹಣೆಯಲ್ಲಿ, ಗದ್ದದಲ್ಲಿ ಹಸಿರು ಹಚ್ಚೆಯಿದ್ದ ಹಳೆಯ ಗಿರಾಕಿ. ಕೈಯಲ್ಲಿ ತೋಳಿಲ್ಲದ ಹೊಸ ರವಿಕೆ.

“ಏಂ ಚೆಪ್ಪೇದಮ್ಮಾ, ಏನಂತ ಹೇಳ್ಲಿ! ನೀನು ಹೊಲಿದ ತೋಳು ನಮ್ಮ ಮೇಕೆ ತಿಂದ್‌ಬಿಡ್ತು. ಅದಕ್ಕೂ ಅಳತೆ ತಗೊಂಡ್ಬಿಡು, ಅದೇ ಹಾಕ್ಕೊಳ್ಳಲಿ.”

ಬಷೀರಾ ತಲೆ ಹಿಂದಕ್ಕೆಸೆದು ನಕ್ಕಳು. ಶಿಳ್ಳೆ ಹೊರಟಿತು. ಕೈ ಮೊರದಿಂದ ಮೇಲೇಳುವಷ್ಟರಲ್ಲಿ ಟಿಕ್ ಎಂದಾಗಿತ್ತು.

ರೀಲು ಬೆಂಗಳೂರಿನ ಲ್ಯಾಬೊಂದಕ್ಕೆ ಹೋಯಿತು. ಪ್ರಿಂಟುಗಳ ಲಕೋಟೆ ಬಂದ ದಿನ ತಬಸ್ಸುಮ್ ಒಬ್ಬಳೇ ಕೂತು ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೆಳಗೆ ಬಿಟ್ಟಳು, ಹಾವು ಮುಟ್ಟಿದವಳಂತೆ. ಬಷೀರಾಳ ಬಾಯಲ್ಲಿ ಮತ್ತೆ ಹಲ್ಲಿದ್ದವು. ಈ ಸಲ ಬೇರೆ ಹಲ್ಲು, ಇನ್ನೂ ದೊಡ್ಡವು. ಮುನಿಯಲ್ಲಮ್ಮನ ಹಚ್ಚೆಯನ್ನು ಕೊಳೆಯೆಂದು ತಿಳಿದು ಒರೆಸಿಹಾಕಿದ್ದರು. ಬರಿದಾದ ಆ ಮುಖ ಮೇಣದ್ದಾಗಿತ್ತು. ತಬಸ್ಸುಮ್ ಬಚ್ಚಲಿಗೆ ಓಡಿ ಮುಖ ತೊಳೆದುಕೊಂಡು ಬಂದು ಲ್ಯಾಬಿಗೆ ಫೋನು ಮಾಡಿದಳು.

“ಅದು ಕಾಂಪ್ಲಿಮೆಂಟರಿ ಮೇಡಂ,” ಎಂದ ಲ್ಯಾಬಿನವನು ಖುಷಿಯಿಂದ. “ಸ್ಕ್ಯಾನ್ ಮಾಡ್ವಾಗ ಸಾಫ್ಟ್‌ವೇರೇ ಫೇಸ್ ರಿಪೇರಿ ಮಾಡುತ್ತೆ.”

“ರಿಪೇರಿ? ನಮ್ಮಮ್ಮ ಏನು ಕೆಟ್ಟೋಗಿದ್ರಾ?”

“ಹಂಗಲ್ಲ ಮೇಡಂ, ಎಲ್ರೂ ಚೆನ್ನಾಗಿದೆ ಅಂತಾರೆ...”

“ನನ್ನ ರೀಲು ವಾಪಸ್ ಬೇಕು. ಅದಕ್ಕೆ ಮುಂಚೆ ಇನ್ನೊಂದು ಸಲ ಪ್ರಿಂಟ್ ಹಾಕಿ. ಏನೂ ಮುಟ್ಟಬೇಡಿ. ಧೂಳಿದ್ರೆ ಧೂಳೂ ಇರಲಿ. ನಿಮ್ಮ ಕೈ ಅದರ ಮೇಲೆ ಬಿತ್ತು ಅಂದ್ರೇ ನನಗೆ ವಾಕರಿಕೆ ಬರುತ್ತೆ.”

ಎರಡನೆಯ ಲಕೋಟೆಯಲ್ಲಿ ಎಲ್ಲ ಸರಿಯಾಗಿತ್ತು. ಕಪ್ಪಗಿದ್ದವರು ಕಪ್ಪಗಿದ್ದರು. ಮುನಿಯಲ್ಲಮ್ಮನ ಹಚ್ಚೆ ಇತ್ತು. ನಡುವೆ ಬಷೀರಾ, ಕಣ್ಣು ಮುಚ್ಚಿಹೋಗುವಷ್ಟು ನಗುತ್ತ, ಹಲ್ಲಿನ ಸಂದಿ ಬಾಗಿಲಿನಂತೆ ತೆರೆದು. ತಬಸ್ಸುಮ್ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಓಡಿದಳು.

ಬಷೀರಾ ಕೈ ಒರೆಸಿಕೊಂಡು ಪ್ರಿಂಟು ತಗೊಂಡಳು. ಅವಳ ಮುಖ ನಿಧಾನಕ್ಕೆ ಮುದುಡಿತು. ಮಗಳ ಮುಖದಲ್ಲಿ ದಿನಾ ಕಾಣುತ್ತಿದ್ದ ಆ ‘ಛೀ’ ಎಲ್ಲಿಂದ ಬಂದದ್ದೆಂದು ಯಾರಿಗಾದರೂ ಆಗ ಗೊತ್ತಾಗುತ್ತಿತ್ತು.

“ಇದನ್ನ ಯಾರ‍್ಯಾರು ನೋಡಿದ್ರು?”

“ಲ್ಯಾಬಿನವರು... ಮತ್ತೆ ಯಾರೂ ಇಲ್ಲ ಅಮ್ಮೀ. ಎಷ್ಟು ಚೆನ್ನಾಗಿದೆ ನೋಡು.”

“ನಿನಗೆ ಚೆನ್ನಾಗಿದೆ. ಇಷ್ಟು ವರ್ಷ ನಾನು ಕೈ ಇಟ್ಟು ಮುಚ್ಚಿದ್ದು ನಿನಗೆ ಗೊತ್ತಿಲ್ವಾ? ಆ ಮದುವೆ ಫೋಟೋದವನು ಕೆಟ್ಟವನು ಅಂತೀಯ. ಅವನು ‘ಸ್ಮೈಲ್ ಮಾಡಿ ಅಮ್ಮಾ’ ಅಂತ ಕೇಳಿಯಾದ್ರೂ ತೆಗೆದ. ನೀನು ಕಳ್ಳಬೆಕ್ಕಿನ ಹಂಗೆ ಹೊಂಚು ಹಾಕಿದೆ.”

“ಕೇಳಿದ್ರೆ ನೀನು ನಗ್ತಿರಲಿಲ್ಲ.”

“ಹೌದು, ನಗ್ತಿರಲಿಲ್ಲ. ಅದು ನನ್ನಿಷ್ಟ.”

ಪ್ರಿಂಟು, ಅದರ ನೆಗೆಟಿವ್ ಎರಡನ್ನೂ ಬಷೀರಾ ಕಸಿದುಕೊಂಡಳು. ಎಲ್ಲಿಟ್ಟಳೋ, ಸುಟ್ಟಳೋ, ತಬಸ್ಸುಮ್ ಕೇಳಲಿಲ್ಲ. ಯಂತ್ರದ ಮುಂದೆ ಹೋಗಿ ಕೂತಳು. ಮರೆಯಲ್ಲಿ ಬೆರಳು ಗುಂಡಿಯ ಮೇಲಿಟ್ಟು, ಮುದುಕಿ ಮೈಮರೆಯಲಿ ಎಂದು ಕಾಯುತ್ತಿದ್ದ ತನ್ನನ್ನೇ ಹೊರಗಿನಿಂದ ನೋಡಿದಂತಾಯಿತು. ಬೇರೆ ಯಾರ ಮೇಲೂ ಬಾರದಷ್ಟು ಹೇಸಿಗೆ ಅವಳಿಗೆ ತನ್ನ ಮೇಲೆ ಬಂತು. ಅಂದು ಒಂದು ತೋಳನ್ನು ತಿರುವುಮುರುವಾಗಿ ಹೊಲಿದುಬಿಟ್ಟಳು.

ಕೆಲವು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು. ಆಮೇಲೊಂದು ಬೆಳಗ್ಗೆ ಬಷೀರಾ ಇಸ್ತ್ರಿ ಮಾಡಿದ ಸೀರೆಯುಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ, ಕುರ್ಚಿ ಎಳೆದುಕೊಂಡು ಬಾಗಿಲ ಬೆಳಕಿನಲ್ಲಿ ಕೂತಳು.

“ತೆಗಿ ಈಗ. ನಗೋಲ್ಲ. ಕೈನೂ ಇಡೋಲ್ಲ.”

ತಬಸ್ಸುಮ್ ಕ್ಯಾಮೆರಾ ಎತ್ತಿದಳು. ಎದುರಿಗೆ ತುಟಿಗೆ ಬೀಗ ಜಡಿದ, ಕತ್ತು ಸೆಟೆದ, ಆಧಾರ್ ಕಾರ್ಡಿನ ಹೆಂಗಸು. ಅಂಥ ಮುಖವನ್ನು ತೆಗೆಯುವುದು ಅವಳಿಗೆ ಆಗದ ಕೆಲಸ. ಆದರೂ “ತೆಗೀಲಾ ಅಮ್ಮೀ?” ಎಂದು ಕೇಳಿದಳು. ಬಷೀರಾ ತಲೆಯಾಡಿಸಿದಳು. ಅವಳು ಒತ್ತಿದಳು. ಬೇಗ ಫೋಕಸ್ ಆಗುವ ಕ್ಯಾಮೆರಾ ಆ ಚಿತ್ರಕ್ಕೆ ಬೇಕೇ ಇರಲಿಲ್ಲ. ಬಷೀರಾ ಮಧ್ಯಾಹ್ನದ ಅಜಾನಿನವರೆಗೂ ಹಾಗೇ ಕೂತಿರಲು ತಯಾರಿದ್ದಳು.

ಆ ಚಿತ್ರ ಈಗ ನಡುಮನೆಯ ಗೋಡೆಯ ಮೇಲಿದೆ, ಚಿನ್ನದ ಬಣ್ಣದ ಕಟ್ಟಿನಲ್ಲಿ. ಬಂದವರಿಗೆಲ್ಲ ಬಷೀರಾ ತಾನೇ ತೋರಿಸುತ್ತಾಳೆ. ತಬಸ್ಸುಮ್ ಊರಿನವರನ್ನು ತೆಗೆಯುವುದು ಬಿಟ್ಟಿಲ್ಲ. ಮೊದಲು ಕೇಳುತ್ತಾಳೆ, ಕೆಲವರು ಬೇಡವೆನ್ನುತ್ತಾರೆ. ಮುನಿಯಲ್ಲಮ್ಮ ಮಾತ್ರ “ಎಷ್ಟಾದ್ರೂ ಹೊಡ್ಕೋ, ಹೇಳ್ದೇ ಹೊಡಿ” ಎಂದು ಒಂದೇ ಸಲಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ. ಅವಳವೇ ಚಿತ್ರಗಳು ಹೆಚ್ಚು. ಗೋಡೆಯ ಆ ಚಿತ್ರದ ಕೆಳಗೆ ಹಾದುಹೋಗುವಾಗ ತಬಸ್ಸುಮಳ ಮೂಗು ಇವತ್ತಿಗೂ ಒಂದಿಷ್ಟು ಮುರಿಯುತ್ತದೆ. ಶುಕ್ರವಾರ ಶುಕ್ರವಾರ ಅದರ ಧೂಳು ಒರೆಸುವವಳೂ ಅವಳೇ.