ತೂಕಕ್ಕೆ ಮೊದಲು ತೆಗೆದ ಮೀನು

ಇಮ್ತಿಯಾಜ, ಆ ಮೀನು ತೆಗೆದವಳು ನಾನು. ನೀನಲ್ಲ, ಬೇರೆ ಯಾರೂ ಅಲ್ಲ — ನಾನು, ಪರಶುರಾಮನ ತಾಯಿ. ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಬರೆಯುವುದು ನನಗೆ ಸರಿಯಾಗಿ ಬರುವುದಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಡಿಸಿ ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟರು. ನೀನು ವಿಜಯಪುರದ ಕನ್ನಡ ಶಾಲೆಯಲ್ಲಿ ಕಲಿತವನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಈ ದೇಶದಲ್ಲಿ ದೊಡ್ಡ ಭೂಕಂಪ ಆದ ಮರುವರ್ಷ, ನಿಮ್ಮ ಕ್ಲಬ್ಬಿನ ಗಾಳದ ಪಂದ್ಯ. ಮನೆಯಲ್ಲಿ ಒಬ್ಬಳೇ ಏನು ಮಾಡುತ್ತೀ ಎಂದು ಪರಶು ನನ್ನನ್ನು ಹೆಂಡರ್ಸನ್ನಿನ ನಮ್ಮ ಮನೆಯಿಂದ ಕಾರಿನಲ್ಲಿ ಹಾಕಿಕೊಂಡು ಬಂದ. ಕೆರೆಯ ದಂಡೆಗೆ ಮಡಚುವ ಕುರ್ಚಿ. ಅವನ ಪಕ್ಕದ ಜಾಗ ನಿನ್ನದು.

ಬೆಳಗಿನಿಂದಲೇ ನನಗೆ ತಲೆ ಕೆಟ್ಟಿತ್ತು. ಕೆರೆಯೊಳಗೆ ಮೀನು ಬಿಟ್ಟು ಸಾಕಿದವರು ನೀವೇ. ಹಿಡಿಯುವವರೂ ನೀವೇ. ಬ್ರೆಡ್ಡಿನ ಪುಡಿ, ಮೆಕ್ಕೆಜೋಳ ಬೊಗಸೆ ಬೊಗಸೆ ನೀರಿಗೆ ಎರಚಿದಿರಿ. ಹಿಡಿದ ಮೀನನ್ನು ನೀರಿನಲ್ಲಿ ಇಳಿಬಿಟ್ಟ ಉದ್ದನೆಯ ಬಲೆಯ ಚೀಲದೊಳಗೆ ಜೀವಂತ ಇಡುವುದು, ಸಂಜೆ ತೂಗುವುದು, ಮತ್ತೆ ಅದೇ ಕೆರೆಗೆ ಬಿಡುವುದು! ತೂಕ ಹೆಚ್ಚು ಬಂದವನಿಗೆ ಕಪ್. ಕೃಷ್ಣಾ ನದಿಯ ದಂಡೆಯ ಮೇಲೆ ಮೀನು ಮಾರಿ ಮಗನನ್ನು ಓದಿಸಿದವಳು ನಾನು. ಅವನು ಆಫೀಸು ಸೇರಿ ಕಲಿತ ಆಟ ಇದು. ಒಂದು ಮೀನಾದರೂ ಮನೆಗೆ ಬೇಡವೇನೋ ಎಂದು ಕೇಳಿದರೆ ನಕ್ಕ. "ಇದು ತಿನ್ನೂದಕ್ಕಲ್ಲಬೇ, ಸುಮ್ನ ಕುಂಡ್ರು ನೀ."

ಸುಮ್ಮನೆ ಕೂತೆ. ಕೈಗೆ ಕೆಲಸವಿಲ್ಲದೆ ನೀರಿನ ದಂಡೆಯ ಮೇಲೆ ನಾನು ಕೂತದ್ದು ಅದೇ ಮೊದಲು.

ಮಧ್ಯಾಹ್ನ ಅವನ ಗಾಳಕ್ಕೆ ಆ ದೊಡ್ಡದು ಬಿತ್ತು. ಹಸಿರು ಮೈ, ಕೆಂಪು ಕಣ್ಣು, ಒಂದು ಮೊಳ ಉದ್ದ. ನೀನೇ ಓಡಿ ಬಂದು ಕೈಬಲೆ ಹಿಡಿದೆ. "ಕಪ್ ಈ ಸಲ ನಿಂದ ಬಿಡಲೇ, ಬಿರ್ಯಾನಿ ಯಾವಾಗ?" ಎಂದು ಅವನ ಬೆನ್ನಿಗೆ ಗುದ್ದಿದೆ. ನಾಲ್ಕು ವರ್ಷದಿಂದ ಆ ಕಪ್ಪಿಗಾಗಿ ಒದ್ದಾಡುತ್ತಿದ್ದ ಅವನು — ಎಷ್ಟು ಖುಷಿಪಟ್ಟ.

ಪಂದ್ಯ ಮುಗಿಯುವ ಸೀಟಿ ಊದಲು ಇನ್ನೂ ಸ್ವಲ್ಪ ಹೊತ್ತು ಇತ್ತು. "ನನ್ನ ಬಲಿ ಮ್ಯಾಲ ಒಂದ ಕಣ್ಣಿಡಲೇ" ಎಂದು ನಿನಗೆ ಹೇಳಿ ಪರಶು ಪಾಯಖಾನೆಗೆ ಹೋದ. ಅಷ್ಟರಲ್ಲಿ ಮೀನು ಕಚ್ಚಿ ನಿನ್ನ ಗಾಳದ ಬೆಂಡು ಮುಳುಗಿತು. ನೀನು ಆ ಕಡೆ ತಿರುಗಿದೆ. ಅದೇ ಹೊತ್ತಿಗೆ ಆಚೆ ದಂಡೆಯಿಂದ ಇಬ್ಬರು ತಕ್ಕಡಿ ಹೊತ್ತುಕೊಂಡು ಬರುವುದು ನನಗೆ ಕಂಡಿತು.

ಊರಿನ ನಮ್ಮ ನದಿ ದಂಡೆಯಲ್ಲಿ ಒಂದು ಪದ್ಧತಿ. ವ್ಯಾಪಾರಿಯ ತಕ್ಕಡಿ ಬರುವುದರೊಳಗೆ ಮನೆಯ ಹೆಂಗಸು ಬಲೆಯೊಳಗೆ ಕೈ ಹಾಕಿ ಮನೆಯ ಮೀನು ತೆಗೆಯಬೇಕು. ಗಂಡನನ್ನು ಕೇಳುವ ಹಾಗಿಲ್ಲ, ಅದು ಅವಳ ಹಕ್ಕು. ತಕ್ಕಡಿ ಏರಿದ ಮೀನು ಮನೆಗೆ ಬರುವುದಿಲ್ಲ. ತಕ್ಕಡಿ ಕಂಡದ್ದೇ ನನ್ನ ಕೈ ಬಲೆಯೊಳಗೆ ಇತ್ತು. ಆದರೆ ನಾವು ತೆಗೆಯುವುದು ಸಣ್ಣ ಮೀನು, ಇಮ್ತಿಯಾಜ. ನಾನು ತೆಗೆದದ್ದು ದೊಡ್ಡದು. ಸಿಟ್ಟಿಗೆ ತೆಗೆದೆ. ಕಲ್ಲಿನಿಂದ ತಲೆಗೆ ಒಂದು ಕೊಟ್ಟು, ಟವೆಲ್ಲಿನಲ್ಲಿ ಸುತ್ತಿ, ರೊಟ್ಟಿಯ ಚೀಲದ ತಳಕ್ಕೆ ಹಾಕಿದೆ.

ತೂಗಿದರು. ಪರಶುವಿನದಕ್ಕಿಂತ ನಿನ್ನದು ಅರ್ಧ ಕಿಲೋ ಹೆಚ್ಚು ಬಂತು, ಕಪ್ ನಿನ್ನದಾಯಿತು. ಆ ದೊಡ್ಡದೊಂದೇ ಒಂದೂವರೆ ಕಿಲೋ ಇದ್ದೀತು. ಪರಶು ಬಲೆಯ ಚೀಲವನ್ನು ಒಳಗು ಹೊರಗು ಮಾಡಿ ನೋಡಿದ. ಎಲ್ಲೂ ಹರಿದಿಲ್ಲ. ಆಮೇಲೆ ನಿನ್ನ ಮುಖ ನೋಡಿದ.

"ಬಲಿ ನಿನ್ನ ಕೈಯಾಗ ಬಿಟ್ಟು ಹೋಗಿದ್ನಿ. ನೀನ ಬಿಟ್ಟಿ ಅದನ್ನ, ನೀರಿಗೆ."

"ಏನ ಮಾತಾಡಾಕತ್ತಿ ಪರಶ್ಯಾ? ಕಪ್ಪಿನ ಸಲುವಾಗಿ ನಾ ಹಂಗ ಮಾಡ್ತೀನೇನು?"

ಸುತ್ತ ಜನ ಕೂಡಿತು. ಬಿಳಿಯರಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತದೆ. ನೀನು ನನ್ನ ಕಡೆ ತಿರುಗಿದೆ. "ಅವ್ವಾ, ನೀವು ಇಲ್ಲೇ ಕುಂತಿದ್ರಿ. ನೀವರೆ ಹೇಳ್ರಿ."

ಚೀಲ ನನ್ನ ಕಾಲಸಂದಿಯಲ್ಲಿತ್ತು. ನಾನು ಹೇಳಿದೆ — "ನಂಗ ದೂರಿಂದು ಕಾಣಂಗಿಲ್ಲಪಾ. ನಾ ಏನೂ ನೋಡಿಲ್ಲ."

ದೂರ ಎಲ್ಲಿತ್ತು. ಎರಡು ಹೆಜ್ಜೆ.

ತೆಗೆಯುವಾಗ ಅದು ಕಳವು ಎಂದು ನನಗೆ ಅನ್ನಿಸಿರಲಿಲ್ಲ, ನಿಜ. ಆದರೆ ನೀನು ಕೇಳಿದ ಹೊತ್ತಿಗೆ ತಿಳಿದಿತ್ತು. ತಿಳಿದ ಮೇಲೂ — ಅದಕ್ಕೇ ಪದ್ಧತಿಯ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಮೀನು ತೆಗೆದದ್ದು ಕೈ, ಸುಳ್ಳು ಹೇಳಿದ್ದು ನಾನು.

ನೀನು ಕಪ್ ಅಲ್ಲೇ ಹುಲ್ಲಿನ ಮೇಲೆ ಇಟ್ಟು ಹೋದೆ. ಆಮೇಲೆ ಕ್ಲಬ್ಬಿಗೂ ಬರಲಿಲ್ಲ, ಹಬ್ಬಕ್ಕೂ ನಮ್ಮ ಮನೆಗೆ ಬರಲಿಲ್ಲ. ಪರಶು ಗಾಳಗಳನ್ನು ಗ್ಯಾರೇಜಿನಲ್ಲಿ ಕಟ್ಟಿಟ್ಟ. ಈ ದೇಶದಲ್ಲಿ ಅವನನ್ನು "ಪರಶ್ಯಾ" ಎಂದು ಕರೆಯುವವನು ನೀನೊಬ್ಬನೇ ಇದ್ದೆ.

ಮಾರನೇ ದಿನ ಆ ಮೀನಿನ ಸಾರು ಮಾಡಿದೆ. ಹುಣಸೆ, ಖಾರ ಎಷ್ಟು ಸುರಿದರೂ ಕೆಸರಿನ ವಾಸನೆ ಹೋಗಲಿಲ್ಲ. ಪರಶು ಎರಡು ತುಂಡು ತಿಂದು, "ಎಲ್ಲಿದಬೇ ಇದು?" ಎಂದು ಕೇಳಿದ. ಅಂಗಡಿಯದು ಎಂದೆ. ಉಳಿದದ್ದನ್ನು ನಾನೇ ತಿಂದು ಮುಗಿಸಿದೆ, ಚೆಲ್ಲಲಿಲ್ಲ.

ಹೋದ ವಾರ ಸ್ಯಾಂಡ್ರಿಂಗಮ್ಮಿನಲ್ಲಿ ನಿನ್ನ ಅಂಗಡಿಗೆ ಬಂದಿದ್ದೆ. ನೋಡಿದ ತಕ್ಷಣ ಎದ್ದು ನಿಂತು ಕುರ್ಚಿ ಕೊಟ್ಟೆ. "ಅವ್ವಾ, ಕಣ್ಣ ಈಗ ಹೆಂಗದಾವ್ರಿ?" ಎಂದೆ. ಚುಚ್ಚಿ ಕೇಳಲಿಲ್ಲ ನೀನು. ನಿಜವಾಗಿ ಕೇಳಿದೆ. ಚುಚ್ಚಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ — ಜೋಳದ ಹಿಟ್ಟು ತೆಗೆದುಕೊಂಡು ಬಸ್ ಹತ್ತಿದೆ.

ಕಾಗದ ಬರೆದಾಯಿತು. ನಿನ್ನ ವಿಳಾಸ ಇಂಗ್ಲಿಷಿನಲ್ಲಿ ಬರೆಯಬೇಕು, ನನಗೆ ಬರುವುದಿಲ್ಲ. ಪರಶುವಿನ ಕೈಯಲ್ಲೇ ಬರೆಸಬೇಕು. ಅವನು ಈಗ ಕೆಲಸದಿಂದ ಬರುವ ಹೊತ್ತು. ಲಕೋಟೆ ಅಂಟಿಸದೆ ಕೊಡುತ್ತೇನೆ. ಓದು ಅನ್ನುತ್ತೇನೆ.