ಅಜ್ಜಿಯ ಬೆರಳು ನೋಡಿದ ದೊಡ್ಡಮ್ಮ

ಎಪ್ಪತ್ತರ ದಶಕದ ಆ ದಿನಗಳಲ್ಲಿ, ಮುಳಬಾಗಿಲು ಕಡೆಯ ನಮ್ಮೂರಿಗೆ ಚಳಿ ಬಂತೆಂದರೆ ಮನೆಮನೆಯಲ್ಲೂ ಅವರೆಯ ಸೊಗಡು. ಬಟ್ಟೆ, ತಲೆಗೂದಲು, ಶಾಲೆಯ ಚೀಲ, ಎಲ್ಲಕ್ಕೂ ಅದೇ ವಾಸನೆ. ಅದರಲ್ಲಿ ನಮಗೇನೂ ನಾಚಿಕೆಯಿರಲಿಲ್ಲ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಜಾರದಲ್ಲಿ ಸುತ್ತ ಕೂತು ಹಿತಕುವುದು ಹೆಂಗಸರ, ಮಕ್ಕಳ ಕೆಲಸ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ತಟ್ಟೆಯಲ್ಲಿ. ಗುರಿ ತಪ್ಪಿದರೆ ಎದುರಿನವರ ಮುಖಕ್ಕೆ. ಬೇಕೆಂದೇ ತಪ್ಪಿಸುವುದೂ ಉಂಟು.

ಈ ಕೆಲಸದಲ್ಲಿ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ಆದರೆ ಆ ವರ್ಷ ನನ್ನ ತಟ್ಟೆಯೇ ಮೊದಲು ತುಂಬತೊಡಗಿತು, ನಾನು ಬೀಗಿದೆ. ಅಜ್ಜಿ ಹಾಳು ಚಳಿಯೆಂದು ನಕ್ಕು, ತನ್ನ ಪಾಲಿನ ಕಾಳನ್ನು ಮೆಲ್ಲಗೆ ನನ್ನತ್ತ ತಳ್ಳುತ್ತಿದ್ದಳು. ಅಮ್ಮನಿಗೆ ಸೋಮಾರಿತನ ಹತ್ತಿದೆ ಎಂದು ಚಿಕ್ಕಪ್ಪ ಅಜ್ಜಿಯನ್ನು ರೇಗಿಸಿದರೆ ಎಲ್ಲರೂ ನಗುತ್ತಿದ್ದರು. ನಗದವಳು ದೊಡ್ಡಮ್ಮ ಒಬ್ಬಳೇ.

ದೊಡ್ಡಮ್ಮ ಆ ಮನೆಯ ಹಿರಿ ಸೊಸೆ, ಮಾತು ಕಡಿಮೆ. ಕಾಳು ಹಿತಕುತ್ತಲೇ ಅವಳು ಅಜ್ಜಿಯ ಕೈ ನೋಡುತ್ತಿದ್ದಳು. ಚಳಿಗೆ ಮರಗಟ್ಟಿದ ನಮ್ಮ ಬೆರಳು ಒಲೆ ಮುಂದೆ ಒಂದು ಗಳಿಗೆ ಕೂತರೆ ಸಡಿಲವಾಗುತ್ತಿದ್ದವು. ಅಜ್ಜಿಯವು ಬಿಸಿಲು ಅಂಗಳ ತುಂಬುವವರೆಗೂ ಬಿಗಿದೇ ಇರುತ್ತಿದ್ದವು. ಎರಡೂ ಕೈಯ ಗೆಣ್ಣು ಊದಿದ್ದವು. ಕಾಫಿ ಲೋಟವನ್ನೂ ಅಂಗೈ ಸೇರಿಸಿ ಎತ್ತುತ್ತಿದ್ದಳು.

ಒಂದು ಬೆಳಿಗ್ಗೆ ಉಳಿದವರು ಎದ್ದುಹೋದ ಮೇಲೆ, ದೊಡ್ಡಮ್ಮ ಉಗುರುಬೆಚ್ಚಗಿನ ನೀರು ತಂದು ಅಜ್ಜಿಯ ಕೈಗಳನ್ನು ಅದರಲ್ಲಿ ಇಳಿಸಿದಳು. ನಾನಿನ್ನೂ ಸಿಪ್ಪೆ ಬಾಚುತ್ತಿದ್ದೆ.

"ಅತ್ತಮ್ಮ, ಇದು ಚಳಿ ಅಲ್ಲ. ಕೋಲಾರಕ್ಕೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಬರಾಣ."

ಅಜ್ಜಿ ಕೈ ಎಳೆದುಕೊಳ್ಳಲು ನೋಡಿದಳು. ಬೈರಕೂರಿನಲ್ಲಿದ್ದ ಅವಳ ಅಕ್ಕನಿಗೆ ಬೆರಳೆಲ್ಲ ಸೊಟ್ಟಗಾಗಿ, ತುತ್ತನ್ನೂ ಬೇರೆಯವರೇ ಇಡಬೇಕಿತ್ತು. ಅಡುಗೆಮನೆಯ ಯಾವ ಮಾತಿಗೂ ಅವಳನ್ನು ಯಾರೂ ಕೇಳುತ್ತಿರಲಿಲ್ಲ.

"ನನ್ನನ್ನೂ ಹಂಗೇ ಮೂಲೇಲಿ ಕೂರಿಸ್ಬಿಡ್ತೀರಿ ಕಣೇ," ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

"ಕೂರಿಸ್ಬಾರ್ದು ಅಂತಾನೇ ಈಗ ಕರೀತಿರೋದು."

ಸೀರೆ ತರುತ್ತೇವೆಂದು ಮನೆಯಲ್ಲಿ ಹೇಳಿ ಇಬ್ಬರೂ ಬಸ್ಸು ಹತ್ತಿದರು. ಸಂಧಿವಾತ ಈಗಷ್ಟೇ ಶುರುವಾಗಿದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರು. ಮಾತ್ರೆ, ಬಿಸಿನೀರು, ಬೆರಳಿನ ವ್ಯಾಯಾಮ, ಒಂದನ್ನೂ ದೊಡ್ಡಮ್ಮ ತಪ್ಪಿಸಗೊಡಲಿಲ್ಲ. ರುಬ್ಬುವ ಕೆಲಸ ತನಗೇ ಬೇಕೆಂದು ಎಲ್ಲರೆದುರು ಹಟ ಮಾಡಿ ಕಿತ್ತುಕೊಂಡಳು. ಸಾರಿನ ಹದ ಹೇಳುವ ಅಧಿಕಾರ ಮಾತ್ರ ಅಜ್ಜಿಯದೇ. ನೋವು ಪೂರ್ತಿ ಹೋಗಲಿಲ್ಲ, ಆದರೆ ಬೆರಳು ಸೊಟ್ಟಗಾಗಲಿಲ್ಲ. ಕೊನೆಯವರೆಗೂ ಅಜ್ಜಿ ತನ್ನ ಕೈಯಿಂದಲೇ ಉಂಡಳು. ದೊಡ್ಡಮ್ಮನಂಥ ಇನ್ನೊಬ್ಬಳನ್ನು ನಾನು ಕಂಡಿಲ್ಲ.

ಈಗ ಹಿತಕಿದ ಬೇಳೆ ಪಾಕೀಟಿನಲ್ಲಿ ಸಿಗುತ್ತದೆ, ನಾವೂ ಅದನ್ನೇ ತರುತ್ತೇವೆ. ಕೆಲಸ ಕಡಿಮೆಯಾಯಿತು, ಸಂತೋಷವೇ. ಬೆಳಿಗ್ಗೆ ಒಬ್ಬರೆದುರು ಒಬ್ಬರು ಕೂರುವ ಹೊತ್ತೂ ಅದರ ಜೊತೆಗೇ ಹೋಯಿತು. ಈ ಚಳಿಗಾಲ ನನ್ನ ಗೆಣ್ಣುಗಳೂ ಬಿಗಿಯತೊಡಗಿವೆ. ಮನೆ ತುಂಬ ಜನರಿದ್ದಾರೆ, ಎಲ್ಲರೂ ಒಳ್ಳೆಯವರೇ. ನಾನಾಗಿ ಬಾಯಿಬಿಟ್ಟು ಹೇಳುವವರೆಗೆ ಒಬ್ಬರಿಗೂ ಗೊತ್ತಾಗಲಿಲ್ಲ.