ಮೌಶಿಯ ತೋಳಿಗೆ ಕುದುರೆಯ ಮದ್ದು

ಮೊನ್ನೆ ಬಸುರಿ ಮೊಮ್ಮಗಳನ್ನು ಧನುರ್ವಾಯುವಿನ ಇಂಜೆಕ್ಷನ್ನಿಗೆ ಕರೆದೊಯ್ದಿದ್ದೆ. ನರ್ಸು ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿದಳು ನೋಡಿ, ಆ ಘಾಟಿಗೆ ಪುಣೆಯಲ್ಲಿ ಹತ್ತಾರು ಸಂಸಾರಗಳಿದ್ದ ನಮ್ಮ ಹಳೇ ವಾಡೆಯ ಬಾಜೂಮನೆ ಮೌಶಿ ಎದುರಿಗೆ ಬಂದು ನಿಂತಂತಾಯಿತು...

ವಾಡೆಯವರೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಅವರು ಧಾರವಾಡದ ಕಡೆಯವರು. ಸ್ವಾತಂತ್ರ್ಯಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ನಾನು ಹೊಸದಾಗಿ ಮದುವೆಯಾಗಿ ಬಂದವಳು. ಮೌಶಿಯ ಮಡಿ ಎಂದರೆ ಇಡೀ ವಾಡೆಗೇ ನಡುಕ. ನಲ್ಲಿಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆಯೇ ನೀರು ಹಿಡಿಯುತ್ತಿದ್ದರು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ತುಕ್ಕು ಹಿಡಿದ ಮೊಳೆ ಅವರ ಅಂಗಾಲಿಗೆ ನೆಟ್ಟಿತು. ಕಿತ್ತೆಸೆದು, ಗಾಯಕ್ಕೆ ಆಕಳ ಸಗಣಿ ಮೆತ್ತಿಕೊಂಡು ಒಲೆಯ ಮುಂದೆ ಕೂತೇಬಿಟ್ಟರು! ನಾನು ಗಾಬರಿಯಾಗಿ ಓಣಿಯ ತುದಿಯಲ್ಲಿದ್ದ ಬೆಳಗಾವಿ ಕಡೆಯ ಡಾಕ್ಟರನ್ನು ಕರೆತಂದೆ. ಸಗಣಿ ನೋಡಿ ಅವರು ಹಣೆ ಬಡಿದುಕೊಂಡರು. ಗಾಯ ತೊಳೆದು, ಧನುರ್ವಾಯು ಹತ್ತಿದರೆ ಜೀವ ಉಳಿಯುವುದು ಕಷ್ಟ, ಇವತ್ತೇ ಸೂಜಿ ಹಾಕಬೇಕು ಎಂದರು. ಅಷ್ಟಕ್ಕೇ ಸುಮ್ಮನಿರಬಾರದೇ ಆ ಪುಣ್ಯಾತ್ಮ? ಮದ್ದು ಕುದುರೆಯ ರಕ್ತದಿಂದ ತೆಗೆದದ್ದು ಎಂದೂ ಹೇಳಿಬಿಟ್ಟರು.

"ಕುದುರಿ ರಕ್ತಾ? ನನ್ನ ಮೈಯಾಗ? ರಾಮ ರಾಮಾ!" ಮೌಶಿ ಕಿವಿ ಮುಚ್ಚಿಕೊಂಡರು.

"ಕುದುರಿ ಹುಲ್ಲ ತಿಂತದ್ರಿ ಮೌಶಿ. ಉಳ್ಳಾಗಡ್ಡಿ ಸುದ್ದಾ ಮುಟ್ಟಂಗಿಲ್ಲ," ಎಂದರು ಡಾಕ್ಟರು.

"ಏಕಾದಶಿ ಮಾಡ್ತದೇನು?"

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಡಾಕ್ಟರಿಗೆ ರೇಗಿತು. "ಈ ಬ್ಯಾನಿ ಸಗಣ್ಯಾಗ ಇರ್ತದರೀ! ಕೂಸಿನ ಹೊಕ್ಕಳಿಗೂ ಅದನ್ನ ಹಚ್ಚತೀರಿ. ಎಂಟು ದಿನದಾಗ ಎಷ್ಟ ಕೂಸು ಹೋಗ್ಯಾವು, ಗೊತ್ತದ ಏನು?"

ಮೌಶಿಯ ಮುಖ ಬಿಳಿಚಿತು.

"ನನ್ನ ಚೊಚ್ಚಲ ಮಗಳು ಎಂಟನೇ ದಿನಾನ ಹೋದ್ಲು. ದೃಷ್ಟಿ ತಾಗೇದ ಅಂದ್ರು ಎಲ್ಲಾರೂ. ಹಾಲು ಕುಡೀಲಿಕ್ಕೆ ಬಾಯಿನ ತೆರೀಲಿಲ್ಲ ಅದು," ಎಂದವರೇ ತೋಳು ಚಾಚಿದರು. "ಚುಚ್ಚರಿ."

ಆ ದಿನ ಮೂರು ಸಲ ತಲೆಯ ಮೇಲೆ ನೀರು ಹಾಕಿಕೊಂಡರು ಅನ್ನುವುದು ಬೇರೆ ಮಾತು. ಅಲ್ಲಿಂದ ಟಾಂಗಾ ಹತ್ತುವುದನ್ನೂ ಬಿಟ್ಟರು. "ಸಂಬಂಧಿಕರ ಕಡೆಯಿಂದ ಗಾಡಿ ಎಳಸಲೇನ?" ಎನ್ನುತ್ತಿದ್ದರು. ಕಾಲು ಕುಂಟುತ್ತ ಮಾರುಕಟ್ಟೆಯಿಂದ ತರಕಾರಿ ಹೊತ್ತು ತಂದರೇ ಹೊರತು ಟಾಂಗಾ ಹತ್ತಲಿಲ್ಲ.

ಮರುವರ್ಷ ನನಗೆ ಮಗಳು ಹುಟ್ಟಿದಳು. ಬಾಣಂತಿಯ ಮೈಲಿಗೆಗೆ ಹೆದರಿ ಯಾರ ಹೊಸ್ತಿಲನ್ನೂ ತುಳಿಯದ ಮೌಶಿ ಹತ್ತು ದಿನ ನನ್ನ ಕೋಣೆ ಬಿಟ್ಟು ಕದಲಲಿಲ್ಲ. ಹೊಕ್ಕಳಬಳ್ಳಿಗೆ ಬೇಕಾದ ಕತ್ತರಿ, ದಾರ ಎಲ್ಲ ಅವರೇ ಕುದಿಸಿದ್ದು. ಸಗಣಿ ಹಿಡಿದು ಬಂದ ನಮ್ಮ ಅತ್ತೆಯನ್ನು ಬೈದು ಹೊರಗಟ್ಟಿದರು. ಎಂಟನೇ ದಿನ ಮಗು ಬಾಯಿ ತುಂಬ ಮೊಲೆ ಹಿಡಿದು ಹೀರತೊಡಗಿದಾಗ, ಆ ಮಡಿಯ ಮೌಶಿ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತರು.

ಅವರು ಹೋಗಿ ಎಷ್ಟೋ ವರ್ಷಗಳಾದವು. ಆವತ್ತು ನಾನು ಕಾಲಿಗೆ ಬೀಳಲಿಲ್ಲ. ಮುಟ್ಟಿದರೆ ಎಲ್ಲಿ ಬೈಯುತ್ತಾರೋ ಎಂದು ಹೆದರಿದ್ದೆ. ಈಗ ಬೀಳೋಣವೆಂದರೆ ಮೌಶಿ ಇಲ್ಲ.